ಆರಲೇಬೇಕಾದ ದೀಪ

ಬಿಸಿ ಎಂಜಿನ್ನಿನ ಮೇಲೆ ಹನಿ ಎಣ್ಣೆ ಬಿದ್ದಾಗ ಏಳುವ ಆ ಕಮಟು ವಾಸನೆ ನನಗೆ ಇಷ್ಟ ಎಂದರೆ ನಮ್ಮ ಮನೆಯಲ್ಲಿ ಎಲ್ಲರೂ ನಗುತ್ತಾರೆ. ನಗಲಿ. ಹೋದ ತಿಂಗಳು ಬಸವನ ಬಾಗೇವಾಡಿಯ ಒಂದು ಗ್ಯಾರೇಜಿನ ಮುಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದೆ, ಅದೇ ವಾಸನೆ ಬಂತು. ಎಷ್ಟೋ ವರ್ಷಗಳಾಗಿದ್ದವು ಅದು ಮೂಗಿಗೆ ಬಡಿದು...

ನನ್ನ ಮೊಮ್ಮಗಳು ದನದ ಡಾಕ್ಟರು, ನಿಡಗುಂದಿಯಲ್ಲಿ ಕೆಲಸ. ಯಾರೋ ಓಡಿಸಿ ಬಿಟ್ಟ ಹಳೆಯ ಕಾರು ಕೊಂಡು ಅದರಲ್ಲೇ ಹಳ್ಳಿ ಹಳ್ಳಿ ತಿರುಗುತ್ತಾಳೆ. ಅವತ್ತು ನನ್ನನ್ನು ಸಿಂದಗಿಗೆ ಕರೆದೊಯ್ಯುತ್ತಿದ್ದಳು. ಬಾಗೇವಾಡಿ ಸಮೀಪಿಸುವಾಗ ಸ್ಟೇರಿಂಗಿನ ಹಿಂದೆ ಕೆಂಪಗೆ ಒಂದು ಚಿತ್ರ ಹೊತ್ತಿಕೊಂಡಿತು. ಮೂತಿ ಚಾಚಿದ ಪುಟ್ಟ ಹಣತೆ, ತುದಿಗೆ ಒಂದು ಹನಿ. ಅವಳು ಗಾಡಿಯನ್ನು ಬದಿಗೆ ಹಾಕಿ ಎಂಜಿನ್ ಬಂದ್ ಮಾಡಿ ಗ್ಯಾರೇಜಿನವನಿಗೆ ಫೋನು ಮಾಡಿದಳು. ಅವನು ಬಂದು, ಗಾಡಿಯನ್ನು ತನ್ನ ಅಂಗಳಕ್ಕೆ ಎಳೆಸಿಕೊಂಡು ಹೋಗಿ, ಬಾನೆಟ್ಟು ಎತ್ತಿ ಎಲ್ಲಾ ನೋಡಿದ. "ಎಣ್ಣಿ ಬರೋಬ್ಬರಿ ಐತ್ರಿ. ಪ್ರೆಶರೂ ಐತಿ. ಸೆನ್ಸರ್ ಹೋಗೇತಿ, ಸುಳ್ಳ ಸುಳ್ಳ ಲೈಟ್ ಹತ್ತಾಕತ್ತೈತಿ" ಎಂದ. ನನಗೆ ನಗು ಬಂತು. ಈ ಸುಳ್ಳು ದೀಪದ ಪರಿಚಯ ನನಗೆ ಮದುವೆಯಾದ ಹೊಸತರಿಂದ ಇದೆ ಎಂದೆ. ಅಜ್ಜಿಗೆ ಬಿಸಿಲು ಹತ್ತಿತೇನೋ ಎಂಬಂತೆ ಮೊಮ್ಮಗಳು ನೀರಿನ ಬಾಟಲಿ ಕೈಗೆ ಕೊಟ್ಟಳು.

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಸಿಂದಗಿಯ ಬಸ್ ನಿಲ್ದಾಣದ ಎದುರು, ಬೇವಿನ ಮರದ ಕೆಳಗೆ ಬಾಡಿಗೆ ಕಾರುಗಳು ನಿಲ್ಲುತ್ತಿದ್ದವು. ಕಾರುಗಳು ಎಂದರೆ ದೊಡ್ಡ ಮಾತಾಯಿತು, ಇದ್ದದ್ದು ಎರಡೇ. ಅದರಲ್ಲೊಂದು ಚಾಚಾನದು. ಊರಿಗೆಲ್ಲಾ ಅವರು ಚಾಚಾ, ನನಗೂ ಚಾಚಾ. ಉದ್ದನೆಯ ಆಳು, ಬಿಳಿ ಪೈಜಾಮ, ತಲೆಗೆ ಮಾಸಿದ ಟೋಪಿ, ಮೀಸೆಯ ಒಂದು ತುದಿ ಮಾತ್ರ ಬೀಡಿಯ ಹೊಗೆಗೆ ಕಂದಾಗಿತ್ತು. ಮಾತು ಕಡಿಮೆ. ಆದರೆ ಕಾರಿನ ಜೊತೆ ಎಷ್ಟು ಬೇಕಾದರೂ ಮಾತಾಡುತ್ತಿದ್ದರು. ಏರು ಬಂದಾಗ "ನಡಿ ನನ ಮಗಳ" ಎಂದು ಅದರ ಬಾಗಿಲು ತಟ್ಟುವುದನ್ನು ನಾನೇ ಕೇಳಿದ್ದೇನೆ. ಯಾವುದೋ ಸಾಹೇಬನ ಕೈಯಿಂದ ಇಳಿದು ಬಂದ ಹಳೆಯ ಕರಿ ಕಾರು ಅದು. ದಿನವೂ ಬೆಳಿಗ್ಗೆ ಸಿಂದಗಿಯಿಂದ ಮಂದಿಯನ್ನು ತುಂಬಿಕೊಂಡು ಇಂಡಿಗೆ, ರೈಲಿಗೆ ಮುಟ್ಟಿಸುವುದು, ಸಂಜೆ ರೈಲು ಇಳಿದವರನ್ನು ಕರೆತರುವುದು ಚಾಚಾನ ಕಸುಬು.

ಆ ಕಾರಿಗೆ ಊರು ಇಟ್ಟ ಹೆಸರು ದೀಪದ ಗಾಡಿ.

ಅದರ ಕಥೆ ಹೀಗೆ. ಡ್ಯಾಶ್‌ಬೋರ್ಡಿನ ಮೇಲೆ ಚಾಚಾ ಒಂದು ದರ್ಗಾದ ಪಟ ಅಂಟಿಸಿದ್ದರು. ಯಾರೋ ಪ್ರಯಾಣಿಕರು ಅದರ ಪಕ್ಕ ಬಸವಣ್ಣನ ಪಟವನ್ನೂ ಅಂಟಿಸಿದರು, ಚಾಚಾ ಬೇಡ ಎನ್ನಲಿಲ್ಲ. ಆ ಎರಡೂ ಪಟಗಳ ಸರಿ ಕೆಳಗೆ ಗುಲಗಂಜಿಯಷ್ಟು ಒಂದು ಕೆಂಪು ಗಾಜು. ಎಂಜಿನ್ನಿನೊಳಗೆ ಎಣ್ಣೆ ಓಡುತ್ತಿಲ್ಲ ಎಂದಾಗ ಹತ್ತಬೇಕು, ಓಡಲು ಶುರುವಾದ ಕೂಡಲೇ ಆರಬೇಕು, ಅದರ ಕೆಲಸ ಅಷ್ಟೇ. ಎಂಜಿನ್ನಿನ ಮೈಗೆ ಹೆಬ್ಬೆರಳಿನಷ್ಟು ಒಂದು ಹಿತ್ತಾಳೆಯ ಸ್ವಿಚ್ಚು ಕೂತಿರುತ್ತದೆ, ಎಣ್ಣೆಯ ಒತ್ತಡ ನೋಡಿ ದೀಪಕ್ಕೆ ಹೇಳುವುದು ಅದು. ಚಾಚಾನ ಗಾಡಿಯಲ್ಲಿ ಆ ಸ್ವಿಚ್ಚು ಕೆಟ್ಟಿತ್ತು. ಚಾವಿ ತಿರುಗಿಸಿದ್ದೇ ಹತ್ತಿದ ದೀಪ, ಚಾವಿ ತೆಗೆಯುವ ತನಕ ಉರಿಯುತ್ತಲೇ ಇರುತ್ತಿತ್ತು. ಸೋಲಾಪುರದ ಮಿಸ್ತ್ರಿಯೊಬ್ಬ ಪರೀಕ್ಷೆ ಮಾಡಿ, ಎಂಜಿನ್ ಗಟ್ಟಿ ಇದೆ, ದೀಪ ಕಾಡಿದರೆ ವಾಯರ್ ಕಿತ್ತು ಒಗೆ ಎಂದಿದ್ದನಂತೆ. ಕೀಳಬೇಕು ಎಂದುಕೊಂಡ ಬೆಳಿಗ್ಗೆಯೇ ಬಾಗೇವಾಡಿ ಕಡೆಯ ಮುದುಕಿಯೊಬ್ಬಳು ಮುಂದಿನ ಸೀಟಿನಲ್ಲಿ ಕೂತಳು. ಪಟಗಳ ಕೆಳಗೆ ಗಾಳಿಗೂ ಅಲುಗದೆ ಉರಿಯುವ ದೀಪ ಕಂಡಳು. ಕೈಮುಗಿದಳು. ಸೆರಗಿನ ಗಂಟಿನಿಂದ ಒಂದು ಚೆಂಡುಹೂ ತೆಗೆದು ಅಲ್ಲಿಟ್ಟಳು.

ಚಾಚಾ ವಾಯರ್ ಕೀಳಲಿಲ್ಲ.

ಅಲ್ಲಿಂದ ಶುರುವಾಯಿತು ನೋಡಿ. ಇಳಿಯುವ ಮುಂದೆ ಹೆಂಗಸರು ಕೆಂಪು ಗಾಜಿಗೆ ಬೆರಳು ಮುಟ್ಟಿಸಿ ಕಣ್ಣಿಗೆ ಒತ್ತಿಕೊಳ್ಳುವುದು, ಮದುಮಗಳನ್ನು ಈ ಗಾಡಿಯಲ್ಲೇ ಕಳಿಸಬೇಕೆಂದು ಹಟ ಹಿಡಿಯುವುದು. ಗಾಡಿ ನಿಂತಾಗ ದೀಪ ಇರುವುದಿಲ್ಲವಲ್ಲ ಎಂದು ಯಾರೋ ಕೇಳಿದರೆ, ದೇವರಿಗೆ ವಿಶ್ರಾಂತಿ ಬೇಡವೇನು ಎಂದು ಇನ್ಯಾರೋ ದಬಾಯಿಸಿದರು. ಒಬ್ಬಾಕೆ ದೀಪಕ್ಕೆ ಎಣ್ಣೆ ಸೇವೆ ಎಂದು ಮಿಳ್ಳಿಯಲ್ಲಿ ಕುಸುಬಿ ಎಣ್ಣೆ ತಂದು ಡ್ಯಾಶ್‌ಬೋರ್ಡಿನ ಮೇಲೆ ಹೊಯ್ದೇಬಿಟ್ಟಳು. ಅದೆಲ್ಲಾ ಹರಿದು ಚಾಚಾನ ಪೈಜಾಮಕ್ಕೆ ಇಳಿಯಿತು. ವಾರಗಟ್ಟಲೆ ಗಾಡಿಯೊಳಗೆ ಕುಸುಬಿಯ ಘಮ. ಪಕ್ಕದಲ್ಲಿ ನಿಲ್ಲುತ್ತಿದ್ದ ಹೊಸ ಕಾರು ನೊಣ ಹೊಡೆಯುತ್ತಿದ್ದರೆ, ಚಾಚಾನ ಗಾಡಿಯಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ.

ನಾನು ಆ ಗಾಡಿ ಹತ್ತಿದ್ದಕ್ಕೂ ದೀಪವೇ ಕಾರಣ. ಮುದ್ದೇಬಿಹಾಳದ ತವರಿನಲ್ಲಿ ಓದಿ, ಶಿಕ್ಷಕಿಯ ತರಬೇತಿ ಮುಗಿಸಿ, ಸಿಂದಗಿಗೆ ಸೊಸೆಯಾಗಿ ಬಂದಿದ್ದೆ. ಇಂಡಿ ದಾರಿಯ ಒಂದು ಹಳ್ಳಿಯಲ್ಲಿ ಹೆಣ್ಣುಮಕ್ಕಳ ಶಾಲೆಗೆ ನೌಕರಿ ಬಂತು. ಬಸ್ಸಿನ ಹೊತ್ತು ಶಾಲೆಗೆ ಹೊಂದುತ್ತಿರಲಿಲ್ಲ. ಸೊಸೆ ಒಬ್ಬಳೇ ಪರಗಂಡಸಿನ ಗಾಡಿಯಲ್ಲಿ ಹೋಗಿ ಬರುವುದು ಎಂದರೆ ನಮ್ಮ ಅತ್ತೆಗೆ ತಲೆತಿರುಗಿ ಬೀಳುವ ಮಾತು. ನಮ್ಮ ಮನೆಯವರು ಒಳ್ಳೆಯವರೇ, ಆದರೆ ತಾಯಿಯ ಮಾತಿನ ಗೆರೆ ದಾಟುವವರಲ್ಲ. ಅತ್ತೆ ಬಹಳ ದಿನ ಯೋಚಿಸಿ, ಕಡೆಗೆ ಒಂದೇ ಮಾತು ಹೇಳಿದರು: ದೇವರ ಮುಂದೆ ದೀಪ ಉರಿಯುವ ಆ ಸಾಬನ ಗಾಡಿಯಾದರೆ ಹೋಗು, ಇಲ್ಲದಿದ್ದರೆ ಬೇಡ. ಹೀಗೆ ನನ್ನ ನೌಕರಿ ಒಂದು ಕೆಟ್ಟ ಸ್ವಿಚ್ಚಿನ ಮೇಲೆ ನಿಂತಿತು. ಆಗ ಅದು ನನಗೆ ಗೊತ್ತಿರಲಿಲ್ಲ.

ನನ್ನ ಹಳ್ಳಿ ಬಂದಾಗ ಚಾಚಾ ತಾವೇ ಇಳಿದು ಬಾಗಿಲು ತೆಗೆಯುತ್ತಿದ್ದರು. ಮಿಕ್ಕ ಗಂಡಸರು ಗೊಣಗಿದರೆ, ಅಕ್ಕೋರು ಇಳಿಯಾಕತ್ತಾರ ಎಂದಷ್ಟೇ ಹೇಳಿ ಸುಮ್ಮನಾಗಿಸುತ್ತಿದ್ದರು. ಶಿಕ್ಷಕಿಯನ್ನು ನಮ್ಮ ಕಡೆ ಅಕ್ಕೋರು ಎಂದೇ ಕರೆಯುವುದು. ಆದರೂ ಚಾಚಾನ ಬಾಯಲ್ಲಿ ಮೊದಲ ಸಲ ಕೇಳಿದಾಗ, ನಾನು ನಿಜವಾಗಿಯೂ ಏನೋ ಆಗಿದ್ದೇನೆ ಅನ್ನಿಸಿತ್ತು.

ಒಂದು ದಿನ ಸಂಜೆ ಬರುವಾಗ ದಾರಿಯ ಕಲ್ಲೊಂದು ಗಾಡಿಯ ತಳಕ್ಕೆ ಬಡಿಯಿತು. ಇಂಥದ್ದು ದಿನವೂ ಆಗುತ್ತಿದ್ದದ್ದೇ, ಯಾರೂ ಲಕ್ಷ್ಯ ಕೊಡಲಿಲ್ಲ. ಮುಂದಿನ ಊರಿನಲ್ಲಿ ರೇಡಿಯೇಟರಿಗೆ ನೀರು ಹಾಕಲು ನಿಲ್ಲಿಸಿದಾಗ ನಾನು ಕಾಲು ನೀಡಲೆಂದು ಇಳಿದೆ. ಅದೇ ಕಮಟು ವಾಸನೆ. ಹಿಂದೆ ನೋಡಿದರೆ, ನಾವು ಬಂದ ದಾರಿಯ ಧೂಳಿನಲ್ಲಿ ಗಾಡಿಯವರೆಗೂ ಕಪ್ಪು ಹನಿಗಳ ಸಾಲು. ಚಾಚಾನಿಗೆ ತೋರಿಸಿದೆ. ಅವರು ಗಾಡಿಯ ಕೆಳಗೆ ನುಸುಳಿ ನೋಡಿದರು. ಎಣ್ಣೆ ತುಂಬುವ ಚೇಂಬರ್ ಸೀಳಿತ್ತು. ಇನ್ನು ಸ್ವಲ್ಪ ದೂರ ಓಡಿಸಿದ್ದರೆ ಎಣ್ಣೆ ಪೂರಾ ಬತ್ತಿ, ಎಂಜಿನ್ ಕಚ್ಚಿಕೊಂಡು, ಗಾಡಿ ಗುಜರಿಗೆ ಹೋಗುತ್ತಿತ್ತು. ಬಟ್ಟೆ ಸಾಬೂನು ತುರುಕಿ ಸೀಳು ಮುಚ್ಚಿ, ಡಿಕ್ಕಿಯಲ್ಲಿದ್ದ ಡಬ್ಬಿಯ ಎಣ್ಣೆ ಸುರಿದು, ಹೇಗೋ ಊರು ಮುಟ್ಟಿಸಿದರು. ಎಲ್ಲರೂ ದೀಪಕ್ಕೆ ಕೈಮುಗಿದು, ಅದೇ ಕಾಪಾಡಿತು ಎಂದು ಇಳಿದರು. ಚಾಚಾ ಮಾತ್ರ ಸ್ಟೇರಿಂಗ್ ಹಿಡಿದುಕೊಂಡು ಕೂತೇ ಇದ್ದರು.

"ಇವತ್ತ ಖರೇನ ಎಣ್ಣಿ ಹೊಂಟಿತ್ರಿ ಅಕ್ಕೋರ," ಎಂದರು. "ಇದು ನಿನ್ನಿ ಹೆಂಗ ಉರೀತಿತ್ತೋ ಇವತ್ತೂ ಹಂಗ ಉರೀತು. ಇದನ್ನ ನಂಬಿ ನಾ ನಿಮ್ಮನ್ನೆಲ್ಲಾ ಕೂಡಿಸ್ಕೊಂಡು ತಿರಗಾಕತ್ತೇನಿ."

ಹೊಸ ಸ್ವಿಚ್ಚು ಸೋಲಾಪುರದಿಂದ ರೈಲಿನಲ್ಲಿ ಇಂಡಿಗೆ ಬಂತು. ಚಾಚಾ ಅದನ್ನು ಕೂಡಿಸಿದ್ದು ನಮ್ಮ ಶಾಲೆಯ ಹೊರಗಿನ ಹುಣಸೆ ಮರದ ಕೆಳಗೆ, ಶಾಲೆ ಬಿಡುವುದನ್ನು ಕಾಯುತ್ತ. ನಾನು ಕಿಟಕಿಯಿಂದ ನೋಡುತ್ತಿದ್ದೆ. ಬಾನೆಟ್ಟು ಎತ್ತಿ, ಎಂಜಿನ್ ತಣ್ಣಗಾಗಲು ಬಿಟ್ಟು, ಎಣ್ಣೆ ಅಳೆಯುವ ಕಡ್ಡಿ ಎಳೆದು, ಒರೆಸಿ, ಮತ್ತೆ ಅದ್ದಿ ನೋಡಿದರು. ಎಣ್ಣೆ ಸರಿಯಾಗಿತ್ತು. ಹಳೆಯ ಸ್ವಿಚ್ಚಿನ ವಾಯರ್ ಬಿಡಿಸಿದರು. ಪಾನಾ ಹಾಕಿ ತಿರುವಿದರೆ ಅದು ಅಲುಗಲೊಲ್ಲದು. ಸೀಮೆಎಣ್ಣೆ ಹನಿಸಿ, ಒಂದು ಬೀಡಿ ಮುಗಿಸಿ, ಮತ್ತೆ ತಿರುವಿದಾಗ ಕಿರ್ರೆಂದು ಬಿಟ್ಟಿತು. ತೂತಿನಿಂದ ಒಂದಿಷ್ಟು ಕರಿ ಎಣ್ಣೆ ಮುಂಗೈಗೆ ಇಳಿಯಿತು. ಹೊಸದಕ್ಕೆ ತಾಮ್ರದ ವಾಷರ್ ಹಾಕಿ, ಮೊದಲು ಬೆರಳಿನಿಂದಲೇ ತಿರುವಿ ಕೂಡಿಸಿ, ಕಡೆಗಷ್ಟೇ ಪಾನಾ ಮುಟ್ಟಿಸಿದರು. ಬಳೆ ತೊಡಿಸುವವರಂತೆ ಹಗುರ ಕೈ. ಆಮೇಲೆ ವಾಯರ್ ಸಿಕ್ಕಿಸಿ, ನನ್ನನ್ನು ಕರೆದು ಗಾಡಿಯೊಳಗೆ ನೋಡಲು ಹೇಳಿದರು. ಚಾವಿ ತಿರುಗಿಸಿದಾಗ ದೀಪ ಹತ್ತಿತು. ಎಂಜಿನ್ ಶುರುವಾಯಿತು. ದೀಪ ಒಂದು ಗಳಿಗೆ ಇದ್ದು, ಹೋಯಿತು.

ಚಾಚಾನ ಮುಖದಲ್ಲಿ ಅಂಥ ನಗು ಮೊದಲು ನೋಡಿರಲಿಲ್ಲ. ನನಗೆ ಮಾತ್ರ ಬೇರೆ ಚಿಂತೆ. ಅತ್ತೆಗೆ ಏನು ಹೇಳುವುದು?

ನಮ್ಮಲ್ಲಿ ದೀಪ ಆರಿತು ಎಂದು ಬಾಯಿಬಿಟ್ಟು ಹೇಳುವುದಿಲ್ಲ, ಶಾಂತವಾಯಿತು ಎನ್ನುತ್ತೇವೆ. ಮಾತಿಗೇ ಅಷ್ಟು ಅಂಜುವ ಮಂದಿ, ದೀಪವೇ ಹೋದ ಗಾಡಿಯಲ್ಲಿ ಕೂರುತ್ತಾರೆಯೇ? ಮರುದಿನ ಬಾಣಂತಿಯನ್ನು ಕರೆತಂದ ಒಂದು ಕುಟುಂಬ ಸೀಟಿನಲ್ಲಿ ಕೂತವರು, ಎಂಜಿನ್ ಶುರುವಾಗಿ ಕೆಂಪು ಬೆಳಕು ಹೋದದ್ದು ಕಂಡು, ಗಂಟುಮೂಟೆ ಸಮೇತ ಇಳಿದು ಪಕ್ಕದ ಕಾರು ಹತ್ತಿದರು. ಸುದ್ದಿಗೆ ಕಾಲು ಬಂತು. ಚಾಚಾ ಕಂಡ ಕಂಡವರಿಗೆ ತಿಳಿಸಿ ಹೇಳಿದರು, ಯಾರು ಕೇಳಬೇಕು? ಖಾಲಿ ಸೀಟುಗಳನ್ನು ಹೊತ್ತು ನಾವಿಬ್ಬರೇ ಹೋದ ದಿನವೂ ಇದೆ.

"ಹತ್ತಿದ ದೀಪಕ್ಕ ಎಲ್ಲಾರೂ ಕೈ ಮುಗೀತಾರ್ರಿ ಅಕ್ಕೋರ," ಎಂದರು ಅವತ್ತು, ರಸ್ತೆ ನೋಡುತ್ತಲೇ. "ಆರಿದ್ದಕ್ಕ ಯಾರೂ ಮುಗಿಯೂದಿಲ್ಲ."

ಅತ್ತೆಯ ಕಿವಿಗೂ ಬಿತ್ತು. ಮರುದಿನ ನಾನು ಬುತ್ತಿ ಕಟ್ಟಿಕೊಂಡು ಹೊರಟಾಗ ಅವರು ಬಾಗಿಲಿಗೆ ಅಡ್ಡ ಕೂತಿದ್ದರು. ಸಿಟ್ಟೇನೂ ಇರಲಿಲ್ಲ. ಹೋಗಬೇಡ ಎಂದರು, ಅಷ್ಟೇ. ಮನೆಯವರು ಪೇಪರಿನಿಂದ ಮುಖ ಎತ್ತಲಿಲ್ಲ. ಶಾಲೆಗೆ ರಜೆಯ ಚೀಟಿ ಹೋಯಿತು, ಅದರ ಹಿಂದೆ ಇನ್ನೊಂದು. ನೀವು ಬರದಿದ್ದರೆ ಬೇರೆಯವರನ್ನು ನೋಡಬೇಕಾಗುತ್ತದೆ ಎಂದು ಹಳ್ಳಿಯಿಂದ ಹೇಳಿಕಳಿಸಿದರು. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತ ಅತ್ತಿದ್ದೇನೆ, ಸದ್ದಿಗೆ ಅಳು ಕೇಳಿಸುವುದಿಲ್ಲ ಎಂದು. ನಾನು ಅಕ್ಷರ ಕಲಿಸಿದ ಆ ಹುಡುಗಿಯರು ಪಾಟಿ ಹಿಡಿದು ರಸ್ತೆ ನೋಡುತ್ತಿರಬಹುದು ಅನ್ನಿಸುತ್ತಿತ್ತು.

ಆಗ ಒಂದು ದಿನ ಚಾಚಾ ಗಾಡಿಯನ್ನು ನಮ್ಮ ಓಣಿಗೇ ತಂದು ನಿಲ್ಲಿಸಿದರು. ಕಟ್ಟೆಯ ಕೆಳಗೆ ನಿಂತು, ಟೋಪಿ ಸರಿಮಾಡಿಕೊಂಡು, ಅತ್ತೆಯನ್ನು ಕರೆದರು. ಅತ್ತೆ ಹೊಸ್ತಿಲಲ್ಲಿ ನಿಂತೇ ಮಾತಿಗೆ ಶುರುಮಾಡಿದರು.

"ದೀಪಾ ಶಾಂತ ಮಾಡಿದ್ಯಂತ. ಯಾಕಪಾ, ಉರಿಯೂದು ನಿನಗೇನ ಕಾಡ್ತಿತ್ತು?"

"ಅದು ದೇವರ ದೀಪ ಅಲ್ರಿ ಅವ್ವಾರ. ಮಂದಿ ಬರ್ತಾರಂತ ನಾನೂ ಸುಮ್ಮನಿದ್ದೆ. ತಪ್ಪು ನಂದು. ಒಮ್ಮಿ ಹೊರಗ ಬಂದು ನೋಡ್ರಿ."

ಅತ್ತೆ ಬರುತ್ತಾರೆಂದು ನಾನು ಅಂದುಕೊಂಡಿರಲಿಲ್ಲ. ಬಂದರು. ಸೆರಗು ಬಿಗಿಯಾಗಿ ಹೊದ್ದು ಮುಂದಿನ ಸೀಟಿನಲ್ಲಿ ಕೂತರು. ಚಾಚಾ ಚಾವಿ ತಿರುಗಿಸಿದರು, ದೀಪ ಹತ್ತಿತು. ಅತ್ತೆಯ ಕೈಗಳು ತಾವಾಗಿಯೇ ಕೂಡಿದವು. ಎಂಜಿನ್ ಶುರುವಾಗಿ ದೀಪ ಹೋದಾಗ ಕೂಡಿದ ಕೈ ಹಾಗೆಯೇ ಉಳಿಯಿತು. ಚಾಚಾ ಇಳಿದು ಬಂದು, ಬಟ್ಟೆಯಲ್ಲಿ ಸುತ್ತಿ ತಂದಿದ್ದ ಹಳೆಯ ಸ್ವಿಚ್ಚನ್ನು ಅವರ ಅಂಗೈ ಮೇಲಿಟ್ಟರು. ಎಂಜಿನ್ನಿಗೆ ಎಣ್ಣೆಯೇ ಉಸಿರು ಎಂದೂ, ಎಣ್ಣೆ ಸಿಗದಾಗ ಮಾತ್ರ ದೀಪ ಹತ್ತಬೇಕು ಎಂದೂ, ಇದು ಕೆಟ್ಟಿದ್ದರಿಂದ ಎಣ್ಣೆ ಇದ್ದರೂ ಇಲ್ಲದಿದ್ದರೂ ಒಂದೇ ಸಮ ಉರಿಯುತ್ತಿತ್ತು ಎಂದೂ ನಿಧಾನವಾಗಿ ಹೇಳಿದರು. ಅತ್ತೆ ಆ ಹಿತ್ತಾಳೆಯ ತುಂಡನ್ನು ಹೊರಳಿಸಿ ಹೊರಳಿಸಿ ನೋಡಿದರು.

"ಅಂದ್ರ ಹಸದ್ರೂ ಅಳೂದು, ಹೊಟ್ಟಿ ತುಂಬಿದ್ರೂ ಅಳೂದು. ಹೌದಿಲ್ಲೋ?"

"ಹೌದ್ರಿ ಅವ್ವಾರ. ಬರೋಬ್ಬರಿ ಹಂಗ."

ಅತ್ತೆ ಸ್ವಿಚ್ಚನ್ನು ಮುಷ್ಟಿಯಲ್ಲಿ ಹಿಡಿದರು. ಎಂಜಿನ್ ಓಡುತ್ತಲೇ ಇತ್ತು. ಆಮೇಲೆ ನನ್ನ ಕಡೆಯೂ ನೋಡದೆ, ಚಾಚಾನ ಕಡೆಯೂ ನೋಡದೆ ಹೇಳಿದರು.

"ನಂದೊಂದು ಕೂಸು ಹಂಗ ಇತ್ತಪಾ. ಚೊಚ್ಚಲದ್ದು. ಹುಟ್ಟಿದಾಗಿಂದ ಅಳೂದ ಅಳೂದು. ಇದರ ಸ್ವಭಾವನ ಹಿಂಗ ಅಂದ್ವಿ. ಖರೇನ ಬ್ಯಾನಿ ಬಂದ ದಿನಾನೂ ಹಂಗ ಅಳತಿತ್ತು, ನಮಗ ತಿಳೀಲಿಲ್ಲ..."

ನಮ್ಮ ಮನೆಯವರಿಗಿಂತ ಮೊದಲು ಒಂದು ಮಗು ಇತ್ತೆಂಬುದೇ ನನಗೆ ಗೊತ್ತಿರಲಿಲ್ಲ. ಅವರಿಗೆ ಗೊತ್ತಿತ್ತೋ ಇಲ್ಲವೋ, ನಾನು ಕೇಳಲಿಲ್ಲ. ಚಾಚಾ ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದರು.

"ಮತ್ತ ಇದು ಹತ್ತಿದ್ರ ಏನ ಮಾಡ್ತಿ?" ಎಂದು ಅತ್ತೆ ಕೇಳಿದರು.

"ನಿಂದ್ರಸ್ತೇನ್ರಿ. ಎಲ್ಲಿದ್ರಲ್ಲಿ."

"ಮಂದಿ ಗಡಿಬಿಡಿ ಮಾಡಿದ್ರ?"

"ಆದ್ರೂ ನಿಂದ್ರಸ್ತೇನಿ."

"ಹಂಗಾರ ನಾಳಿಂದ ಈಕಿ ಬರ್ತಾಳ," ಎಂದು ಅತ್ತೆ ಇಳಿದರು. ಹಳೆಯ ಸ್ವಿಚ್ಚನ್ನು ವಾಪಸು ಕೊಡಲಿಲ್ಲ. ಸೊಂಟದ ಎಲೆಯಡಿಕೆ ಚೀಲಕ್ಕೆ ಹಾಕಿಕೊಂಡರು.

ಅಷ್ಟಕ್ಕೇ ಬಿಡಲಿಲ್ಲ ನಮ್ಮ ಅತ್ತೆ. ಮುಂದಿನ ಸಂತೆಯ ದಿನ ತಾವೇ ಬೇವಿನ ಮರದ ಕೆಳಗೆ ಹೋಗಿ, ಎಲ್ಲರೂ ನೋಡುವಂತೆ ದೀಪದ ಗಾಡಿಯ ಮುಂದಿನ ಸೀಟಿನಲ್ಲಿ ಕೂತರು. ಕೆಲಸವೇನೂ ಇರಲಿಲ್ಲ, ಇಂಡಿಗೆ ಹೋಗಿ ಚಹಾ ಕುಡಿದು ಬಂದರು. ಅಂಜಿ ನಿಂತ ಹೆಂಗಸರನ್ನು ಕರೆದು, ಇದು ಆಳುವ ದೇವರಲ್ಲ, ಅಳುವ ಕೂಸು, ಸುಮ್ಮನಿದ್ದರೆ ಹೊಟ್ಟೆ ತುಂಬಿದೆ ಎಂದರ್ಥ, ಹತ್ತಿ ಕೂರಿರಿ ಎಂದು ಗದರಿಸಿದರಂತೆ. ಒಬ್ಬೊಬ್ಬರೇ ಮರಳಿ ಬಂದರು. ಎಲ್ಲರೂ ಬಂದರು ಎನ್ನಲಾರೆ. ಆದರೆ ಗಾಡಿ ನಡೆಯಿತು, ನನ್ನ ಶಾಲೆಯೂ ನಡೆಯಿತು.

ಆ ಮಳೆಗಾಲ ಕಳೆದ ಮೇಲೆ ಒಂದು ಸಂಜೆ, ಜೋಳದ ಹೊಲಗಳ ನಡುವೆ, ದೀಪ ಹತ್ತಿತು. ಚಾಚಾ ಮಾತು ಕೊಟ್ಟಂತೆ ಅಲ್ಲೇ ನಿಲ್ಲಿಸಿದರು. ಹಿಂದೆ ಕೂತಿದ್ದ ತೊಗರಿ ವ್ಯಾಪಾರಿಯೊಬ್ಬ, ಊರು ಮುಟ್ಟಿಸಿ ಆಮೇಲೆ ನೋಡು ಎಂದು ಕೂಗಾಡಿದ. ಚಾಚಾ ಇಳಿದು ಬಾನೆಟ್ಟು ಎತ್ತಿದರು. ಎಣ್ಣೆಯ ಪೈಪೊಂದು ಒಡೆದಿತ್ತು. ಎಂಜಿನ್ನಿಗೆ ಏನೂ ಆಗಿರಲಿಲ್ಲ. ಯಾರದೋ ಎತ್ತಿನ ಗಾಡಿಯಲ್ಲಿ ನಾವು ಹೆಂಗಸರು ಸಿಂದಗಿ ಸೇರುವಾಗ ದೀಪ ಹಚ್ಚುವ ಹೊತ್ತು ಮೀರಿತ್ತು. ಇನ್ನು ಮುಗಿಯಿತು ನನ್ನ ಕಥೆ ಎಂದು ಓಣಿ ತಿರುಗಿದೆ. ಅತ್ತೆ ಕಟ್ಟೆಯ ಮೇಲೆ ಕಂದೀಲು ಇಟ್ಟುಕೊಂಡು ಕೂತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಕೇಳಿದರು.

"ಕೂಸು ಅತ್ತಿತ್ತೇನು?"

ಹೌದೆಂದೆ. ಹಾಗಾದರೆ ಕೈಕಾಲು ತೊಳೆದುಕೊಂಡು ಊಟಕ್ಕೆ ಬಾ ಎಂದು ಕಂದೀಲು ಎತ್ತಿಕೊಂಡು ಒಳಗೆ ಹೋದರು.

ಆಮೇಲೆ ಬಸ್ಸುಗಳು ಹೆಚ್ಚಾದವು. ಚಾಚಾ ಗಾಡಿ ಮಾರಿ, ಹಿರಿಯ ಮಗಳ ಊರು ಸೇರಿದರು. ನಾನು ಅದೇ ಶಾಲೆಯಲ್ಲಿ ಹೆಡ್ ಬಾಯಿ, ಅಂದರೆ ಮುಖ್ಯ ಶಿಕ್ಷಕಿಯಾದೆ. ಚಾಚಾನಿಗೆ ಹೇಳಿ ಬರಬೇಕು ಎಂದುಕೊಳ್ಳುತ್ತಲೇ ಇದ್ದೆ... ಅವರು ತೀರಿಕೊಂಡ ಸುದ್ದಿ ಮುಟ್ಟಿದಾಗ ತಿಂಗಳುಗಳೇ ಕಳೆದಿದ್ದವು. ಅತ್ತೆ ಆಗಲೇ ಇರಲಿಲ್ಲ. ಅವರ ಎಲೆಯಡಿಕೆ ಚೀಲದಲ್ಲಿ ಆ ಹಿತ್ತಾಳೆಯ ತುಂಡು ಸಿಕ್ಕಿತ್ತು, ಮನೆ ಬದಲಿಸುವಾಗ ಅದೂ ಕಳೆದುಹೋಯಿತು. ಇವತ್ತಿಗೂ ಹಳಹಳಿಯಾಗುತ್ತದೆ. ಇಬ್ಬರ ನೆನಪಿಗೂ ನನ್ನ ಬಳಿ ಒಂದು ವಸ್ತು ಇಲ್ಲ.

ಬಾಗೇವಾಡಿಯ ಗ್ಯಾರೇಜಿನವನು ಹೊಸ ಸೆನ್ಸರ್ ಕೂಡಿಸಿ, ಹಳೆಯದನ್ನು ಕಸದ ಡಬ್ಬಿಗೆ ಒಗೆಯಲು ಕೈ ಎತ್ತಿದ್ದ. ಅದನ್ನು ನನಗೆ ಕೊಡಪ್ಪಾ ಎಂದೆ. ಅವನು ಮೊಮ್ಮಗಳ ಮುಖ ನೋಡಿದ, ಒರೆಸಿ ಕೊಟ್ಟ. ಇನ್ನೂ ಬೆಚ್ಚಗಿತ್ತು.

ಮೊಮ್ಮಗಳು ಚಾವಿ ತಿರುಗಿಸಿದಳು. ಕೆಂಪು ಹಣತೆ ಹತ್ತಿತು. ಎಂಜಿನ್ ಶುರುವಾಯಿತು.

"ಆರೇತಿ ನೋಡಜ್ಜಿ," ಎಂದಳು.

ನಾನು ಆರಿದ ದೀಪಕ್ಕೆ ಕೈಮುಗಿದೆ.